ಮಳೆಗಾಲಕ್ಕೆ ಮುಂಚೆ ಕಾರಿಗೆ ಪಾಲಿಶ್, ವ್ಯಾಕ್ಸ್: ಯಾವುದು ತರುವುದು, ಹೇಗೆ ಹಚ್ಚುವುದು?

ಬದಿಯಡ್ಕ ಸ್ವಿಫ್ಟ್:
ಎಲ್ಲರಿಗೂ ನಮಸ್ಕಾರ. ನಮ್ಮದು ಕಡುನೀಲಿ ಸ್ವಿಫ್ಟ್, ಐದು ವರ್ಷ ಆಯಿತು. ಮನೆ ಇರುವುದು ತೋಟದ ನಡುವೆ. ಶೆಡ್ ಇಲ್ಲ, ಗಾಡಿ ಅಂಗಳದಲ್ಲೇ ನಿಲ್ಲುತ್ತದೆ. ಒಂದು ಬದಿಯಲ್ಲಿ ಹಲಸಿನ ಮರ, ಇನ್ನೊಂದು ಬದಿಯಲ್ಲಿ ಅಡಿಕೆ. ಈಗ ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಗೆರೆ ಕಾಣುತ್ತದೆ. ಹೊಳಪೂ ಕಮ್ಮಿಯಾಗಿದೆ. ಅಂಗಡಿಯಲ್ಲಿ ಕೇಳಿದ್ದಕ್ಕೆ ರಬ್ಬಿಂಗ್ ಕಾಂಪೌಂಡ್, ಪಾಲಿಶ್, ವ್ಯಾಕ್ಸ್, ಸೆರಾಮಿಕ್ ಸ್ಪ್ರೇ ಅಂತ ನಾಲ್ಕು ಬಗೆ ಮುಂದಿಟ್ಟರು. ಯಾವುದು ಮೊದಲು, ಯಾವುದು ಬೇಡವೇ ಬೇಡ ಅಂತ ಗೊತ್ತಾಗಲಿಲ್ಲ, ಸುಮ್ನೆ ವಾಪಸ್ ಬಂದೆ. ಮಳೆ ಹಿಡಿಯುವುದಕ್ಕೆ ಮೊದಲು ಮನೆಯಲ್ಲೇ ಮಾಡಬೇಕು ಅಂತ ಇದೆ. ಮಷಿನ್ ಇಲ್ಲ, ಕೈಯಲ್ಲೇ ಉಜ್ಜಬೇಕು. ತಿಳಿದವರು ದಯವಿಟ್ಟು ಹೇಳಿ.

ಉಪ್ಪಳ ಪೇಂಟರ್:
ಒಳ್ಳೆ ಪ್ರಶ್ನೆ ಮಾರಾಯ್ರೆ. ನಾನು ದುಬೈಯಲ್ಲಿ ಕಾರು ಡೀಟೇಲಿಂಗ್ ಕೆಲಸದಲ್ಲಿದ್ದೆ, ಈಗ ಊರಲ್ಲೇ ಪೇಂಟಿಂಗ್ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಬಣ್ಣ ಹೇಗೆ ಕೂತಿದೆ ಅಂತ ತಿಳಿದುಕೊಳ್ಳಿ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸುಮಾರು 100 ಮೈಕ್ರಾನ್ ಆಚೀಚೆ, ಅಂದರೆ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಅದರಲ್ಲಿ ಕ್ಲಿಯರ್ ಕೋಟ್ 40-50 ಮೈಕ್ರಾನ್ ಇದ್ದರೆ ಪುಣ್ಯ. ತಲೆಕೂದಲಿಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವುದು ಇದೇ ಪದರ. ನಿಮಗೆ ಕಾಣುವ ಗೆರೆ ಇರುವುದೂ ಇದರಲ್ಲೇ.

ಪಾಲಿಶ್ ಅಂದರೆ ಅದರಲ್ಲಿ ತುಂಬ ನುಣ್ಣಗಿನ ಪುಡಿ ಇರುತ್ತದೆ. ಅದು ಕ್ಲಿಯರ್ ಕೋಟನ್ನು ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಕಮ್ಮಿ ತೆಗೆದು ಮಟ್ಟ ಮಾಡುತ್ತದೆ. ಗೆರೆಯ ಅಂಚು ಹೋಗುತ್ತದೆ, ಬೆಳಕು ಚದುರುವುದು ನಿಲ್ಲುತ್ತದೆ, ಹೊಳಪು ಬರುತ್ತದೆ. ರಬ್ಬಿಂಗ್ ಕಾಂಪೌಂಡ್ ಮಾಡುವುದೂ ಇದೇ ಕೆಲಸ. ಆದರೆ ಅದರ ಪುಡಿ ದೊರಗು, ಜಾಸ್ತಿ ತೆಗೆಯುತ್ತದೆ. ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ. ಮೇಲೆ ಕೂರುತ್ತದೆ, ನೀರು, ಧೂಳು, ಹಕ್ಕಿ ಹಿಕ್ಕೆ ಮೊದಲು ತನ್ನ ಮೇಲೆ ಬೀಳಲಿ ಅಂತ. ತಾನು ಸವೆದು ಹೋಗುತ್ತದೆ, ಮತ್ತೆ ಹಚ್ಚಬೇಕು.

ಆದ್ದರಿಂದ ವ್ಯಾಕ್ಸ್ ಎಷ್ಟು ಸಲ ಬೇಕಾದರೂ ಹಚ್ಚಿ. ಪಾಲಿಶ್ ಮಾತ್ರ ಲೆಕ್ಕ ಇಟ್ಟು ಮಾಡಿ. ಹೋದ ಕ್ಲಿಯರ್ ಕೋಟ್ ವಾಪಸ್ ಬರುವುದಿಲ್ಲ. ವರ್ಷ ವರ್ಷ ರಬ್ಬಿಂಗ್ ಹೊಡೆಸಿ ಬಾನೆಟ್ ಅಂಚಿನಲ್ಲಿ ಬಣ್ಣವೇ ಹೋದ ಗಾಡಿಗಳು ನನ್ನ ಹತ್ತಿರ ಬರುತ್ತವೆ. ಆಮೇಲೆ ಪೂರ್ತಿ ಪೇಂಟ್ ಮಾಡುವುದು ಬಿಟ್ಟು ಬೇರೆ ದಾರಿ ಇಲ್ಲ. ನೋಡಿದರೆ ಸಂಕಟ ಆಗುತ್ತದೆ.

ಕುಂಬಳೆ ಟೀಚರ್:
ಇಷ್ಟು ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು. ನನ್ನದೊಂದು ಪ್ರಶ್ನೆ. ಆ ಗೆರೆ ಬರುವುದು ಯಾಕೆ? ನಮ್ಮ ಗಾಡಿ ಎಲ್ಲಿಯೂ ತಾಗಿಲ್ಲ, ಆದರೂ ಇದೆ.

ಉಪ್ಪಳ ಪೇಂಟರ್:
ಟೀಚರ್, ಬೆಳಗ್ಗೆ ಗಾಡಿ ತೆಗೆಯುವ ಮೊದಲು ಒಣ ಬಟ್ಟೆಯಲ್ಲಿ ಒರೆಸುತ್ತೀರಿ ಅಲ್ವಾ? ನಮ್ಮ ಕಡೆ ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ನಮ್ಮದು ಕೆಂಪು ಮುರಕಲ್ಲಿನ ಮಣ್ಣು. ಆ ಧೂಳನ್ನು ಬೆರಳಲ್ಲಿ ತಿಕ್ಕಿ ನೋಡಿ, ಚರಚರ ಅನ್ನುತ್ತದೆ. ಅದನ್ನೇ ಬಟ್ಟೆಯಿಂದ ಬಾನೆಟ್ ಮೇಲೆ ಉಜ್ಜಿದ ಹಾಗಾಯಿತು. ಹೆದ್ದಾರಿ 66ರ ಅಗಲೀಕರಣ ಶುರುವಾದ ಮೇಲೆ ಜಲ್ಲಿಪುಡಿ, ಸಿಮೆಂಟ್ ಧೂಳೂ ಸೇರಿಕೊಂಡಿತು. ಒಣ ಒರೆಸುವುದನ್ನು ನಿಲ್ಲಿಸಿದರೆ ಅರ್ಧ ಗೆರೆ ಬರುವುದೇ ಇಲ್ಲ. ಒರೆಸಲೇಬೇಕು ಅಂತಿದ್ದರೆ ಮೊದಲು ಪೈಪಿನಲ್ಲಿ ನೀರು ಬಿಡಿ.

ಸಿಮೆಂಟ್ ಧೂಳು ಕೂತ ಗಾಡಿಯನ್ನು ರಾತ್ರಿ ಇಬ್ಬನಿಗೆ ಬಿಡಬೇಡಿ. ತೇವ ತಾಗಿದರೆ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅದೇ ದಿನ ಧಾರಾಳ ನೀರು ಹಾಕಿ ತೊಳೆದುಬಿಡಿ.

ಹೊಸೂರು ಗಾಡಿ:
ನಾನು ಹೊಸೂರಿನವನು, ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡುತ್ತೇನೆ. ಇಷ್ಟೆಲ್ಲ ಯಾಕೆ ಅಣ್ಣ? ಒಂದು ಸಲ ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಗಾಜಿನಂಥ ಪದರ, ಮಾಡಿಸಿಬಿಟ್ಟರೆ ಮುಗಿಯಿತು. 9ಎಚ್ ಗಟ್ಟಿ ಅಂತಾರೆ, ಗೀರು ಬೀಳುವುದಿಲ್ಲ, ಮೂರು ವರ್ಷ ಏನೂ ಮಾಡಬೇಕಾಗಿಲ್ಲ.

ಉಪ್ಪಳ ಪೇಂಟರ್:
ಅಣ್ಣ, ಸೆರಾಮಿಕ್ ಒಳ್ಳೆಯದೇ, ನಾನೂ ಹಚ್ಚಿದ್ದೇನೆ. ಆದರೆ ಆ 9ಎಚ್ ಇದೆಯಲ್ಲ, ಅದು ಪೆನ್ಸಿಲ್ ಗಟ್ಟಿತನದ ಅಳತೆ. ಬೇರೆ ಬೇರೆ ಗಟ್ಟಿ ಇರುವ ಪೆನ್ಸಿಲ್‌ಗಳಿಂದ ಕೆರೆದು ನೋಡುವ ಪರೀಕ್ಷೆ. 9ಎಚ್ ಪೆನ್ಸಿಲ್‌ಗೆ ಕೆರೆಯಲು ಆಗದಿದ್ದರೆ 9ಎಚ್ ಅನ್ನುತ್ತಾರೆ. ಮರಳಿಗೂ ಕಲ್ಲಿನ ಪುಡಿಗೂ ಅದರ ಲೆಕ್ಕ ಇಲ್ಲ. ಧೂಳು ಕೂತದ್ದನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಸೆರಾಮಿಕ್ ಮೇಲೂ ಗೆರೆ ಬರುತ್ತದೆ. ತೊಳೆಯುವ ಕೆಲಸ ತಪ್ಪುವುದಿಲ್ಲ.

ಇನ್ನೊಂದು ಸಂಗತಿ. ಸೆರಾಮಿಕ್ ಹಾಕುವ ಮೊದಲು ಗೆರೆ ತೆಗೆಯಲೇಬೇಕು. ಇಲ್ಲದಿದ್ದರೆ ಗೆರೆಯ ಮೇಲೇ ಗಾಜಿನಂಥ ಪದರ ಕೂತು ಅದು ಒಳಗೇ ಉಳಿಯುತ್ತದೆ. ಅಂಗಡಿಯವರು ತೆಗೆದುಕೊಳ್ಳುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಪಾಲಿಶ್ ಕೆಲಸಕ್ಕೇ ಹೋಗುತ್ತದೆ. ಮನೆಯಲ್ಲಿ ಹೊಸಬರು ಕೈ ಹಾಕುವುದಾದರೆ ಬಾಟಲಿಯ ಸೆರಾಮಿಕ್ ಕೋಟಿಂಗ್ ಬೇಡ. ಬೇಗ ಒರೆಸದಿದ್ದರೆ ಕಲೆ ಕಲೆಯಾಗಿ ಗಟ್ಟಿಯಾಗುತ್ತದೆ, ಅದನ್ನು ತೆಗೆಯಲು ಮತ್ತೆ ಪಾಲಿಶ್. ಸಿಲಿಕಾ ಇರುವ ಸ್ಪ್ರೇ ವ್ಯಾಕ್ಸ್ ಬರುತ್ತದೆ (ಸೆರಾಮಿಕ್ ಸ್ಪ್ರೇ ಅನ್ನುವುದೂ ಇದಕ್ಕೇ), ಅದನ್ನು ಯಾರು ಬೇಕಾದರೂ ಹಚ್ಚಬಹುದು.

ಹೊಸೂರು ಗಾಡಿ:
ಸರಿ ಅಣ್ಣ, ಪೆನ್ಸಿಲ್ ವಿಷಯ ಗೊತ್ತಿರಲಿಲ್ಲ. ಆದರೂ ನಮ್ಮಂಥವರಿಗೆ ಸಮಯ ಇಲ್ಲ, ಅದಕ್ಕೆ ಸೆರಾಮಿಕ್ ಹಿಡಿಸುತ್ತದೆ. ತೊಳೆಯುವುದು ಸಲೀಸು, ಕೊಳೆ ಬೇಗ ಜಾರಿ ಹೋಗುತ್ತದೆ. ಅಷ್ಟು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ನೀರ್ಚಾಲು ಅಡಿಕೆ:
ತೋಟದವರಿಗೆ ಬೇರೆಯೇ ಒಂದು ತಾಪತ್ರಯ ಇದೆ, ಅದನ್ನು ಯಾರೂ ಹೇಳಲಿಲ್ಲ. ಮಳೆಗಾಲ ಹತ್ತಿರ ಬಂದಾಗ ಅಡಿಕೆಗೆ ಮದ್ದು ಬಿಡುತ್ತೇವಲ್ಲ, ಮೈಲುತುತ್ತು ಮತ್ತು ಸುಣ್ಣ. ಗಾಳಿ ಈಚೆ ಬೀಸಿದರೆ ಕಾರಿನ ಮೇಲೆಲ್ಲ ತಿಳಿನೀಲಿ ಚುಕ್ಕೆ. ಒಣಗಿದ ಮೇಲೆ ಬಟ್ಟೆಯಲ್ಲಿ ಉಜ್ಜಿದರೆ ಹೋಗುವುದಿಲ್ಲ, ಉಗುರಲ್ಲಿ ಕೆರೆಯಬೇಕು ಅನಿಸುತ್ತದೆ. ಬದಿಯಡ್ಕದವರೇ, ನಿಮ್ಮ ಅಂಗಳದಲ್ಲಿಯೂ ಇದೇ ಕಥೆ ಇರಬೇಕು.

ಬದಿಯಡ್ಕ ಸ್ವಿಫ್ಟ್:
ಹೌದು ಭಾವ, ಬಲಬದಿಯ ಎರಡು ಬಾಗಿಲಲ್ಲಿ ಈಗಲೂ ಕಳೆದ ವರ್ಷದ ಕಲೆ ಇದೆ. ಅದು ಬಣ್ಣವೇ ಹೋದದ್ದು ಅಂತ ತಿಳಿದಿದ್ದೆ.

ಉಪ್ಪಳ ಪೇಂಟರ್:
ಕೆರೆಯಬೇಡಿ! ಆ ಮದ್ದು, ಅಂದರೆ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಇರುತ್ತದೆ. ನೀರು ಆರಿದ ಮೇಲೆ ಉಳಿಯುವುದು ಸುಣ್ಣದ ಚಕ್ಕೆ. ಒಣಗಿದ್ದನ್ನು ಉಜ್ಜಿದರೆ ಅದೇ ಗೀರು ಹಾಕುತ್ತದೆ. ಸುಣ್ಣ ಹುಳಿಗೆ ಕರಗುತ್ತದೆ. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಸೇರಿಸಿ. ಗಾಡಿ ನೆರಳಲ್ಲಿರಲಿ, ತಗಡು ತಣ್ಣಗಿರಲಿ. ಬಟ್ಟೆಯನ್ನು ಅದರಲ್ಲಿ ಅದ್ದಿ ಕಲೆಯ ಮೇಲೆ ಒಂದೆರಡು ನಿಮಿಷ ಹಾಗೇ ಇಡಿ. ಒತ್ತಬೇಡಿ. ಮೆತ್ತಗಾದ ಮೇಲೆ ಒರೆಸಿ, ಕೂಡಲೇ ಧಾರಾಳ ನೀರಲ್ಲಿ ತೊಳೆಯಿರಿ. ವಿನೆಗರ್ ಒಣಗಲು ಬಿಡಬಾರದು. ಒಂದು ಸಲಕ್ಕೆ ಹೋಗದಿದ್ದರೆ ಇನ್ನೊಮ್ಮೆ. ಅಷ್ಟಾದರೂ ಗುರುತು ಉಳಿದರೆ ಆಗ ಪಾಲಿಶ್ ಯೋಚಿಸಿ. ವ್ಯಾಕ್ಸ್ ಹೇಗೂ ತೊಳೆದು ಹೋಗಿರುತ್ತದೆ, ಆ ಜಾಗಕ್ಕೆ ಮತ್ತೆ ಹಚ್ಚಬೇಕು.

ಮದ್ದು ಬಿಡುವ ದಿನ ಗೊತ್ತಿರುತ್ತದಲ್ಲ, ಗಾಡಿಗೆ ಟರ್ಪಾಲು ಹೊದಿಸುವ ಬದಲು ರಸ್ತೆ ಬದಿಗೆ ತಂದು ನಿಲ್ಲಿಸಿ. ಧೂಳಿನ ಗಾಡಿಗೆ ಟರ್ಪಾಲು ಹೊದಿಸಿದರೆ ಗಾಳಿಗೆ ಅದು ಅಲುಗಾಡಿ ಅಲುಗಾಡಿ ಗೆರೆ ಮಾಡುತ್ತದೆ.

ಮಡಕಶಿರಾ ಬೋರ್‌ವೆಲ್:
ವಿನೆಗರ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮಲ್ಲಿ ಬೋರ್ ನೀರು ತುಂಬ ಗಡಸು. ತೊಳೆದು ಬಿಸಿಲಲ್ಲಿ ಬಿಟ್ಟರೆ ಹನಿ ಹನಿಯಾಗಿ ಬಿಳಿ ಉಂಗುರ. ಅದಕ್ಕೂ ಇದೇ ಮದ್ದು ನಡೆಯುತ್ತದೆ. ಆದರೆ ಕಲೆ ಬರುವುದಕ್ಕೆ ಮೊದಲೇ ತಡೆಯುವುದು ಸುಲಭ. ನೆರಳಲ್ಲಿ ತೊಳೆದು, ನೀರು ಆರಲು ಬಿಡದೆ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ನೀರು ಹೀರಿಸಿ. ಕೊನೆಯ ಒಂದು ಕೊಡ ನೀರು ಆರ್‌ಒ ಪ್ಲಾಂಟಿನದ್ದೋ ಮಳೆ ನೀರೋ ಆದರೆ ಇನ್ನೂ ಒಳ್ಳೆಯದು. ಕಾಸರಗೋಡಿನವರಿಗೆ ಬಾವಿ ನೀರು ಮೆದು, ಆ ವಿಷಯದಲ್ಲಿ ನೀವು ಅದೃಷ್ಟವಂತರು.

ಅಕ್ಕಲಕೋಟ 800:
ನಮಸ್ಕಾರ್ರೀ ಎಲ್ಲರಿಗೂ. ನನ್ನ ಹತ್ತಿರ ಅಪ್ಪನ ಕಾಲದ ಕೆಂಪು ಮಾರುತಿ 800 ಇದೆ. ಸೊಲ್ಲಾಪುರ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಬಣ್ಣ ಗುಲಾಬಿ ಆಗಿಬಿಟ್ಟಿದೆ, ಕೈ ಆಡಿಸಿದರೆ ಪುಡಿ ಅಂಟುತ್ತದೆ. ಪಾಲಿಶ್ ಸ್ವಲ್ಪ ಹಚ್ಚಿ ನೋಡಿದೆ, ಬಟ್ಟೆ ಕೆಂಪಾಯಿತು. ಹೆದರಿ ನಿಲ್ಲಿಸಿದ್ದೇನೆ. ಇದು ಸರಿ ಹೋಗುತ್ತದೇನ್ರಿ?

ಉಪ್ಪಳ ಪೇಂಟರ್:
ಅಣ್ಣಾವ್ರೆ, ಹೆದರಬೇಡಿ. ಬಟ್ಟೆಗೆ ಬಣ್ಣ ಬಂತು ಅಂದರೆ ಅದಕ್ಕೆ ಕ್ಲಿಯರ್ ಕೋಟ್ ಇಲ್ಲ, ಬಣ್ಣವೇ ಮೇಲಿನ ಪದರ. ಹಳೆ ಗಾಡಿಗಳಲ್ಲಿ ಹಾಗೆ ಇರುತ್ತಿತ್ತು. ಬಿಸಿಲಿಗೆ ಮೇಲಿನ ತೆಳು ಪದರ ಸತ್ತು ಪುಡಿಯಾಗುತ್ತದೆ. ಕೆಂಪಿಗೆ ಈ ತೊಂದರೆ ಜಾಸ್ತಿ. ಸತ್ತ ಪದರ ತೆಗೆದರೆ ಕೆಳಗೆ ಒಳ್ಳೆ ಕೆಂಪು ಇನ್ನೂ ಇರುತ್ತದೆ. ಇಂಥ ಗಾಡಿಗೆ ಕೈ ಪಾಲಿಶ್ ಚೆನ್ನಾಗಿ ಕೆಲಸ ಮಾಡುತ್ತದೆ. ನುಣುಪಾದ ಪಾಲಿಶ್ ತಗೊಳ್ಳಿ, ರಬ್ಬಿಂಗ್ ಕಾಂಪೌಂಡ್ ಬೇಡ. ಬಟ್ಟೆ ಕೆಂಪಾದ ಹಾಗೆ ಬದಲಿಸುತ್ತಾ ಹೋಗಿ. ಅಂಚು, ಮೂಲೆ, ಬಾನೆಟ್‌ನ ಉಬ್ಬು ಗೆರೆ, ಈ ಮೂರು ಕಡೆ ಬಣ್ಣ ಮೊದಲೇ ತೆಳು, ಅಲ್ಲಿ ಉಜ್ಜಬೇಡಿ. ಮುಗಿದ ದಿನವೇ ವ್ಯಾಕ್ಸ್ ಹಚ್ಚಿ. ಹಚ್ಚದೆ ಬಿಟ್ಟರೆ ಮತ್ತೆ ಪುಡಿಯಾಗುತ್ತದೆ. ಆ ಬಣ್ಣಕ್ಕೆ ಕಾರ್ನೌಬಾ ವ್ಯಾಕ್ಸ್ ಕೊಡುವ ತುಂಬು ಕೆಂಪು ಬೇರೆ ಯಾವುದೂ ಕೊಡುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅಕ್ಕಲಕೋಟ 800:
ಭಾಳ ಉಪಕಾರ ಆತು. ಕಾರ್ನೌಬಾ ಅಂದರೆ ಏನ್ರಿ?

ಉಪ್ಪಳ ಪೇಂಟರ್:
ಬ್ರೆಜಿಲಿನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಮರದ ಎಲೆಯಿಂದ ಬರುವ ವ್ಯಾಕ್ಸ್. ಬಿಸಿಲಿಗೆ ಎಲೆಯ ನೀರು ಆರಿ ಹೋಗದಿರಲಿ ಅಂತ ಆ ಮರವೇ ಎಲೆ ಮೇಲೆ ಮಾಡಿಕೊಳ್ಳುವ ಪದರ ಅದು. ಎಲೆ ಕೊಯ್ದು ಒಣಗಿಸಿ ಬಡಿದರೆ ಉದುರುತ್ತದೆ. ಗಿಡಗಳಿಂದ ಬರುವ ವ್ಯಾಕ್ಸ್‌ಗಳಲ್ಲಿ ಇದು ತುಂಬ ಗಟ್ಟಿ, ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬೇಕು. ಜೇನುಮೇಣ 62-64 ಡಿಗ್ರಿಗೇ ಕರಗುತ್ತದೆ. ಡಬ್ಬಿಯಲ್ಲಿ ಬರುವುದು ಬರೀ ಕಾರ್ನೌಬಾ ಅಲ್ಲ, ಅದನ್ನು ಹಾಗೇ ಹಚ್ಚಲು ಆಗುವುದೂ ಇಲ್ಲ, ಎಣ್ಣೆ ಮತ್ತು ಸಾಲ್ವೆಂಟ್ ಬೆರೆಸಿರುತ್ತಾರೆ. ಅದಕ್ಕೆ "100 ಪರ್ಸೆಂಟ್ ಕಾರ್ನೌಬಾ" ಅಂತ ಬರೆದದ್ದನ್ನು ನೋಡಿ ದುಡ್ಡು ಜಾಸ್ತಿ ಕೊಡಬೇಡಿ.

ಬಾಳಿಕೆ ಕಾರ್ನೌಬಾದ್ದು ಕಮ್ಮಿ. ಎರಡು ತಿಂಗಳು ಸಿಕ್ಕರೆ ಸಂತೋಷ. ಪಾಲಿಮರ್ ಸೀಲಂಟ್ ಅಂದರೆ ಸಿಂಥೆಟಿಕ್ ವ್ಯಾಕ್ಸ್ ನಾಲ್ಕರಿಂದ ಆರು ತಿಂಗಳು ನಿಲ್ಲುತ್ತದೆ. ಬದಿಯಡ್ಕದವರಿಗೆ ನಾನು ಹೇಳುವುದು ಸಿಂಥೆಟಿಕ್. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಜೂನ್‌ನಲ್ಲಿ ಹಿಡಿದ ಮಳೆ ಬಿಡುವ ಹೊತ್ತಿಗೆ ಸಪ್ಟೆಂಬರ್. ಅಷ್ಟು ದಿನ ಕಾರ್ನೌಬಾ ತಡೆಯುವುದಿಲ್ಲ.

ಬದಿಯಡ್ಕ ಸ್ವಿಫ್ಟ್:
ಅಣ್ಣ, ಹಾಗಾದರೆ ಶುರುವಿನಿಂದ ಹೇಗೆ ಮಾಡುವುದು ಅಂತ ಒಂದು ಸಲ ಬರೆಯಿರಿ. ಈ ಶನಿವಾರ ಕೈ ಹಾಕುತ್ತೇನೆ. ಸಾಮಾನು ಏನೇನು ತರಬೇಕು?

ಉಪ್ಪಳ ಪೇಂಟರ್:
ಕಾರಿನ ಶಾಂಪೂ, ಎರಡು ಬಕೆಟ್, ತೊಳೆಯಲು ಮೈಕ್ರೋಫೈಬರ್ ಗವಸು, ಒಂದು ಕ್ಲೇ ಬಾರ್ (ಬಣ್ಣಕ್ಕೆ ಅಂಟಿದ ಕೊಳೆ ಎತ್ತುವ, ಜೇಡಿಮಣ್ಣಿನಂಥ ಮೆದು ಮುದ್ದೆ), ನುಣುಪಾದ ಪಾಲಿಶ್ ಒಂದು, ಸಿಂಥೆಟಿಕ್ ವ್ಯಾಕ್ಸ್ ಒಂದು, ಸ್ಪಂಜಿನ ಅಪ್ಲಿಕೇಟರ್ ಎರಡು, ಮೈಕ್ರೋಫೈಬರ್ ಬಟ್ಟೆ ಆರೇಳು, ಪೇಂಟರ್‌ಗಳ ಮಾಸ್ಕಿಂಗ್ ಟೇಪ್. ತ್ರೀಎಂ, ಟರ್ಟಲ್ ವ್ಯಾಕ್ಸ್, ಮೆಗ್ವಾಯರ್ಸ್, ವೇವೆಕ್ಸ್, ಯಾವುದಾದರೂ ಆಗುತ್ತದೆ. ಬ್ರಾಂಡಿಗಿಂತ ಡಬ್ಬಿಯಲ್ಲಿ ಏನಿದೆ ಅನ್ನುವುದು ಮುಖ್ಯ. "ಕ್ಲೀನರ್ ವ್ಯಾಕ್ಸ್" ಅಂತ ಬರೆದಿದ್ದರೆ ಅದರಲ್ಲಿ ಪಾಲಿಶ್ ಪುಡಿಯೂ ಇರುತ್ತದೆ, ಪ್ರತಿ ತಿಂಗಳು ಹಚ್ಚುವುದಕ್ಕಲ್ಲ.

ಬೆಳಗ್ಗೆ ಬೇಗ ಶುರು ಮಾಡಿ. ಮೊದಲು ಬರೀ ನೀರು. ಆಮೇಲೆ ಒಂದು ಬಕೆಟ್‌ನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೇಲಿನಿಂದ ಕೆಳಗೆ ತೊಳೆಯಿರಿ. ಒಂದು ಬಾಗಿಲು ಆದ ಕೂಡಲೇ ಗವಸನ್ನು ಬರೀ ನೀರಿನ ಬಕೆಟ್‌ನಲ್ಲಿ ಜಾಲಾಡಿಸಿ, ಆಮೇಲೆ ಶಾಂಪೂಗೆ ಅದ್ದಿ. ಎರಡನೇ ಬಕೆಟ್‌ನ ತಳದಲ್ಲಿ ಕೂತ ಕೆಂಪು ಮಣ್ಣು ನೋಡಿದರೆ ನಿಮಗೇ ಗೊತ್ತಾಗುತ್ತದೆ ಎರಡು ಬಕೆಟ್ ಯಾಕೆ ಅಂತ. ಚಕ್ರ ಕೊನೆಗೆ, ಅದಕ್ಕೆ ಬೇರೆ ಬಟ್ಟೆ.

ಒಣಗಿಸಿದ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲ ಆಡಿಸಿ. ಬರಿಗೈಗೆ ನುಣ್ಣಗೆ ಅನಿಸಿದ್ದು ಚೀಲದೊಳಗಿನ ಕೈಗೆ ತರಿ ತರಿ ಅನಿಸುತ್ತದೆ. ಬ್ರೇಕಿನ ಕಬ್ಬಿಣದ ಪುಡಿ, ಮರದ ಸೊನೆ, ಡಾಮರು ಎಲ್ಲ ಅಂಟಿರುವುದು ಅದು. ಕ್ಲೇ ಬಾರ್ ಅದಕ್ಕೇ. ಶಾಂಪೂ ನೀರು ಧಾರಾಳ ಹಾಕಿ, ಕ್ಲೇಯನ್ನು ಚಪ್ಪಟೆ ಮಾಡಿ, ಒತ್ತದೆ ಉದ್ದಕ್ಕೆ ಹಿಂದೆ ಮುಂದೆ ಜಾರಿಸಿ. ಮೊದಲು ತಡೆ ತಡೆದು ಹೋಗುತ್ತದೆ, ಸದ್ದೂ ಬರುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತು ಜಾರತೊಡಗುತ್ತದೆ. ಅಷ್ಟಾದರೆ ಆ ಜಾಗ ಮುಗಿಯಿತು. ಕ್ಲೇ ಕಪ್ಪಾದರೆ ಮಡಚಿ ಹೊಸ ಮುಖ ತೆಗೆಯಿರಿ. ನೆಲಕ್ಕೆ ಬಿದ್ದರೆ ಎಸೆದುಬಿಡಿ, ದುಡ್ಡಿನ ಮುಖ ನೋಡಬೇಡಿ. ಒಂದು ಕಲ್ಲಿನ ಚೂರು ಅಂಟಿದ್ದರೂ ಗಾಡಿ ಪೂರ್ತಿ ಗೀರು.

ಇಷ್ಟು ಮಾಡಿದ ಮೇಲೆ ಒಮ್ಮೆ ಬಿಸಿಲಿಗೆ ತಂದು ನೋಡಿ. ಎಷ್ಟೋ ಸಲ ಹೊಳಪು ಇಲ್ಲಿಗೇ ಬಂದಿರುತ್ತದೆ, ಪಾಲಿಶ್ ಬೇಕಾಗುವುದೇ ಇಲ್ಲ. ಗೆರೆ ಉಳಿದಿದ್ದರೆ ಒಂದು ಅಡಿ ಉದ್ದಗಲದ ಜಾಗದಲ್ಲಿ ಮಾತ್ರ ಪಾಲಿಶ್ ಮಾಡಿ ಪರೀಕ್ಷಿಸಿ. ಸರಿ ಕಂಡರೆ ಮುಂದುವರಿಸಿ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವ ಗೀರು ಪಾಲಿಶ್‌ನಿಂದ ಹೋಗುವುದಿಲ್ಲ. ಅದನ್ನು ಉಜ್ಜುತ್ತಾ ಕೂರಬೇಡಿ, ಟಚ್‌ಅಪ್ ಬಣ್ಣ ಹಾಕಿಸಿ.

ವ್ಯಾಕ್ಸ್ ಹಚ್ಚುವ ಮೊದಲು ಕಪ್ಪು ಪ್ಲಾಸ್ಟಿಕ್, ರಬ್ಬರ್ ಅಂಚಿಗೆ ಟೇಪ್ ಅಂಟಿಸಿ. ಅದಕ್ಕೆ ವ್ಯಾಕ್ಸ್ ತಾಗಿದರೆ ಬಿಳಿಯಾಗಿ ಹಾಗೇ ಉಳಿಯುತ್ತದೆ. ಮುಂದಿನ ಗಾಜಿಗೂ ಬೇಡ, ಮಳೆಯಲ್ಲಿ ವೈಪರ್ ಓಡಿಸಿದರೆ ಮಸುಕು ಮಸುಕು. ಒಂದು ಬಾಗಿಲಿಗೆ ಒಂದು ರೂಪಾಯಿ ನಾಣ್ಯದಷ್ಟು ವ್ಯಾಕ್ಸ್ ಸಾಕು. ಜಾಸ್ತಿ ಹಚ್ಚಿದರೆ ಹೊಳಪು ಜಾಸ್ತಿ ಬರುವುದಿಲ್ಲ, ಒರೆಸಲು ಕಷ್ಟ, ಅಷ್ಟೇ. ತೆಳ್ಳಗೆ ಹರಡಿ. ಡಬ್ಬಿ ಮೇಲೆ ಒಣಗಲು ಬಿಡಿ ಅಂತ ಬರೆದಿದ್ದರೆ ಬಿಡಿ. ಸ್ವಲ್ಪ ಮಬ್ಬಾದ ಮೇಲೆ ಬೆರಳಲ್ಲಿ ಒಂದು ಗೆರೆ ಎಳೆಯಿರಿ. ಬೆರಳು ಹೋದ ಜಾಗ ಫಳಫಳ ಆದರೆ ಒರೆಸಬಹುದು. ಮಸುಕಾದರೆ ಇನ್ನೂ ಕಾಯಬೇಕು. ನಮ್ಮಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ಡಬ್ಬಿಯಲ್ಲಿ ಬರೆದದ್ದಕ್ಕಿಂತ ಹೊತ್ತು ಜಾಸ್ತಿ ಹಿಡಿಯುತ್ತದೆ. ಒರೆಸಲು ಶುದ್ಧ ಬಟ್ಟೆ, ಆಗಾಗ ಮಡಿಕೆ ಬದಲಿಸಿ. ಬಿಸಿ ಇರುವ ತಗಡಿನ ಮೇಲೆ ಮಾತ್ರ ಹಚ್ಚಲೇಬೇಡಿ.

ಕುಂಬಳೆ ಟೀಚರ್:
ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ದ್ರವದಲ್ಲೇ ಕಾರು ತೊಳೆಯುತ್ತಾರೆ. ಹಿರಿಯರು ತೊಳೆದ ಮೇಲೆ ಸ್ವಲ್ಪ ಸೀಮೆಎಣ್ಣೆಯೋ ತೆಂಗಿನೆಣ್ಣೆಯೋ ಒರೆಸಿ ಮಿಂಚಿಸುತ್ತಿದ್ದರು. ಅದು ತಪ್ಪಾ?

ಉಪ್ಪಳ ಪೇಂಟರ್:
ಪಾತ್ರೆ ದ್ರವ ಜಿಡ್ಡು ತೆಗೆಯುವುದಕ್ಕೇ ಇರುವುದು, ಹಚ್ಚಿದ ವ್ಯಾಕ್ಸನ್ನೂ ತೆಗೆಯುತ್ತದೆ. ಹಳೆ ವ್ಯಾಕ್ಸ್ ತೆಗೆದು ಹೊಸದು ಹಾಕುವ ದಿನ ಒಮ್ಮೆ ಬಳಸಿದರೆ ಅಡ್ಡಿಯಿಲ್ಲ, ವಾರ ವಾರ ಬೇಡ. ಸೀಮೆಎಣ್ಣೆ, ತೆಂಗಿನೆಣ್ಣೆ ಹಚ್ಚಿದಾಗ ಬಣ್ಣ ಕಡುವಾಗಿ ಕಾಣುತ್ತದೆ ನಿಜ. ಆದರೆ ಎಣ್ಣೆಗೆ ಧೂಳು ಅಂಟುತ್ತದೆ, ಮರುದಿನ ಅದನ್ನೇ ಒರೆಸಬೇಕು, ಮತ್ತೆ ಗೆರೆ. ಡಾಮರು ಚುಕ್ಕೆಗೆ ಮಾತ್ರ ಬಟ್ಟೆಯ ತುದಿಗೆ ಸೀಮೆಎಣ್ಣೆ ಅದ್ದಿ ಒತ್ತಿ ತೆಗೆದು, ಕೂಡಲೇ ಶಾಂಪೂ ಹಾಕಿ ತೊಳೆಯಬಹುದು. ಹಲಸಿನ ಅಂಟಿಗೆ ತೆಂಗಿನೆಣ್ಣೆ ನಡೆಯುತ್ತದೆ, ಮನೆಯಲ್ಲಿ ಹಲಸು ಹೆಚ್ಚುವಾಗ ಕೈಗೆ ಹಚ್ಚುತ್ತೇವಲ್ಲ.

ನೀರ್ಚಾಲು ಅಡಿಕೆ:
ಬಾವಲಿಯ ಹಿಕ್ಕೆಗೆ ಏನು ಮಾಡುವುದು? ಗೇರು ಹಣ್ಣಾಗುವಾಗ ರಾತ್ರಿಯಿಡೀ ಅದೇ.

ಉಪ್ಪಳ ಪೇಂಟರ್:
ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದು. ಹಕ್ಕಿಯದ್ದಾಗಲಿ ಬಾವಲಿಯದ್ದಾಗಲಿ ಹಿಕ್ಕೆ ಬಿಸಿಲಿಗೆ ಕ್ಲಿಯರ್ ಕೋಟನ್ನು ತಿನ್ನುತ್ತದೆ. ಮಧ್ಯಾಹ್ನದವರೆಗೆ ಬಿಟ್ಟರೆ ಕಲೆ ಒಳಗಿಳಿಯಬಹುದು. ಬಾಟಲಿ ನೀರು, ಒಂದು ಬಟ್ಟೆ ಡಿಕ್ಕಿಯಲ್ಲೇ ಇಟ್ಟುಕೊಳ್ಳಿ. ಒದ್ದೆ ಬಟ್ಟೆ ಅದರ ಮೇಲೆ ಹಾಕಿ ಐದು ನಿಮಿಷ ಬಿಟ್ಟು, ಮೇಲಕ್ಕೆ ಎತ್ತಿ ತೆಗೆಯಿರಿ, ಉಜ್ಜಬೇಡಿ. ವ್ಯಾಕ್ಸ್ ಇದ್ದರೆ ಇಂಥ ಹೊತ್ತಿಗೇ ಉಪಯೋಗ. ಪೂರ್ತಿ ತಡೆಯುವುದಿಲ್ಲ, ನಿಮಗೆ ಸ್ವಲ್ಪ ಸಮಯ ಕೊಡುತ್ತದೆ.

ಬದಿಯಡ್ಕ ಸ್ವಿಫ್ಟ್:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಶನಿವಾರ ತೊಳೆದು, ವಿನೆಗರ್ ಹಾಕಿ, ಕ್ಲೇ ಮಾಡಿದೆ. ಬಾಗಿಲಿನ ಕಲೆ ಪೂರ್ತಿ ಹೋಯಿತು ಅಣ್ಣ, ಬಣ್ಣಕ್ಕೆ ಏನೂ ಆಗಿರಲಿಲ್ಲ! ಬಾನೆಟ್ ಮತ್ತು ಟಾಪ್‌ಗೆ ಮಾತ್ರ ಪಾಲಿಶ್ ಮಾಡಿದೆ, ಗೆರೆ ಮುಕ್ಕಾಲು ಪಾಲು ಹೋಗಿದೆ. ಉಳಿದ ಕಡೆ ಪಾಲಿಶ್ ಇಲ್ಲದೆ ನೇರ ವ್ಯಾಕ್ಸ್. ಈಗ ನೀರು ಹಾಕಿದರೆ ದುಂಡು ದುಂಡು ಹನಿಯಾಗಿ ಜಾರುತ್ತದೆ. ಇನ್ನು ಎರಡೇ ಪ್ರಶ್ನೆ. ಮತ್ತೆ ಯಾವಾಗ ಹಚ್ಚಬೇಕು ಅಂತ ತಿಳಿಯುವುದು ಹೇಗೆ? ಹಿಂದಿನ ಬಂಪರ್‌ಗೆ ಹೋದ ವಾರವಷ್ಟೇ ಬಣ್ಣ ಹಾಕಿಸಿದ್ದೇನೆ, ಅದನ್ನು ಬಿಟ್ಟಿದ್ದೇನೆ. ಹಚ್ಚಬಹುದಾ?

ಉಪ್ಪಳ ಪೇಂಟರ್:
ಬಿಟ್ಟದ್ದು ಒಳ್ಳೆಯದಾಯಿತು. ಹೊಸದಾಗಿ ಹಾಕಿಸಿದ ಬಣ್ಣದಲ್ಲಿ ಸಾಲ್ವೆಂಟ್ ಇನ್ನೂ ಆವಿಯಾಗುತ್ತಾ ಇರುತ್ತದೆ. ಒಂದರಿಂದ ಎರಡು ತಿಂಗಳು ಕಾಯಿರಿ. ಹಾಕಿದ ಪೇಂಟರನ್ನೇ ಕೇಳಿ, ಪೇಂಟಿನಲ್ಲೂ ಬಗೆ ಬಗೆ ಇದೆ. ಅಲ್ಲಿಯವರೆಗೆ ಬರೀ ನೀರು, ಶಾಂಪೂ ಸಾಕು.

ಮತ್ತೆ ಯಾವಾಗ ಅನ್ನುವುದನ್ನು ನೀರಿನ ಹನಿ ನೋಡಿ ತಿಳಿಯಬಹುದು. ಹನಿ ದುಂಡಗೆ ನಿಲ್ಲದೆ ಚಪ್ಪಟೆಯಾಗಿ ಹರಡಿದರೆ ವ್ಯಾಕ್ಸ್ ಸವೆದಿರಬಹುದು. ಆದರೆ ಕೊಳೆ ಕೂತಿದ್ದರೂ ಹಾಗೇ ಕಾಣುತ್ತದೆ. ಅದಕ್ಕೆ ಶಾಂಪೂ ಹಾಕಿ ತೊಳೆದ ಮೇಲೆ ನೋಡಿ. ಆಗಲೂ ಹರಡಿದರೆ ಹಚ್ಚಿ. ನಡುವೆ ಮಳೆ ಬಿಟ್ಟ ಒಂದು ದಿನ ಸಿಕ್ಕಿದರೆ, ತೊಳೆದು ಒಣಗಿಸಿ, ಸಿಲಿಕಾ ಸ್ಪ್ರೇ ಒಂದು ಸುತ್ತು ಒರೆಸಿದರೆ ಸಾಕು. ಕ್ಲೇ, ಪಾಲಿಶ್ ಮುಂದಿನ ವರ್ಷ ನೋಡೋಣ, ಅದೂ ಬೇಕಾದರೆ ಮಾತ್ರ. ಕಡಲ ಬದಿಗೆ, ಬೇಕಲಕ್ಕೋ ಕಣ್ವತೀರ್ಥಕ್ಕೋ ಹೋಗಿ ಬಂದ ದಿನ ಅಡಿಭಾಗಕ್ಕೂ ನೀರು ಹೊಡೆಸಿ. ವ್ಯಾಕ್ಸ್ ಅಲ್ಲಿಗೆ ತಲುಪುವುದಿಲ್ಲ, ಉಪ್ಪು ತಲುಪುತ್ತದೆ.

ಅಕ್ಕಲಕೋಟ 800:
ನಾನೂ ಟಾಪ್‌ನ ಒಂದು ಮೂಲೆ ಮಾಡಿ ನೋಡಿದೆ ಸರ. ಒಳಗಿನ ಕೆಂಪು ಹಾಗೇ ಇದೆ. ಒಂದೊಂದು ವಾರ ಒಂದೊಂದು ಬಾಗಿಲು ಮಾಡುತ್ತಾ ಹೋದರೆ ನಡೀತದೇನ್ರಿ?

ಉಪ್ಪಳ ಪೇಂಟರ್:
ಧಾರಾಳವಾಗಿ ನಡೆಯುತ್ತದೆ. ಪಾಲಿಶ್ ಆದ ಬಾಗಿಲಿಗೆ ಅದೇ ದಿನ ವ್ಯಾಕ್ಸ್ ಹಚ್ಚಿಬಿಡಿ, ಮುಂದಿನ ವಾರಕ್ಕೆ ಬಿಡಬೇಡಿ. ಪೂರ್ತಿ ಆದ ಮೇಲೆ ಒಂದು ಫೋಟೋ ಹಾಕಿ.